ದೊಡ್ಡ ಸಿಸ್ಟರ್ ಕಟ್ಟದೆ ಇಟ್ಟ ಗಡಿಯಾರ

ಅವರನ್ನು ಕಂಡವರಿಗೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವರ ಮುಂಗೈಗಳು. ಬಳೆಯಿಲ್ಲ, ಉಂಗುರವಿಲ್ಲ, ನಲವತ್ತು ವರ್ಷ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಒಗೆದೊಗೆದು ತೆಳುವಾದ ಬಟ್ಟೆಯಂತೆ ಸವೆದುಹೋದ ಬರಿಗೈಗಳು. ಮನೆಯಲ್ಲಿ ಊಟಕ್ಕೆ ಬರುವಾಗಲೂ, ತೊಳೆದ ಕೈ ಎಲ್ಲಿಗೂ ತಾಗಬಾರದೆಂಬಂತೆ, ಅವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದೇ ಬರುತ್ತಿದ್ದರು. ಗೋಡೆಯ ಪಕ್ಕಕ್ಕೆ ಸರಿದು, ಯಾರದೋ ಸ್ಟ್ರೆಚರಿಗೆ ದಾರಿ ಬಿಟ್ಟಂತೆ ನಡೆಯುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಉತ್ತರ: "ಆಗಲಿ, ನೋಡೋಣ." ಆಸ್ಪತ್ರೆಯವರೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು.

ಐದು ವರ್ಷದ ಹಿಂದೆ, ಅವರು ನಿವೃತ್ತರಾಗಬೇಕಿದ್ದ ತಿಂಗಳಲ್ಲಿ, ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದ ಅವರ ಅಣ್ಣ ಒಂದು ದುಬಾರಿ ಕೈಗಡಿಯಾರ ತಂದುಕೊಟ್ಟರು. ತಯಾರಾಗಿ ಎಂಟು ವರ್ಷ ಅಂಗಡಿಯ ಗಾಜಿನೊಳಗೇ ಕುಳಿತಿದ್ದ, ದಿನವೂ ಕೀಲಿ ಕೊಡಬೇಕಾದ ಹಳೆಯ ಮಾದರಿ. ವಾರಂಟಿ ಮಾತ್ರ ಕೊಂಡ ದಿನದಿಂದ ಐದು ವರ್ಷ. ಅಷ್ಟರಲ್ಲಿ ಆಸ್ಪತ್ರೆಯವರು ಇನ್ನೊಂದು ವರ್ಷ ಇರಿ ಎಂದರು. ಆಗಲಿ, ನೋಡೋಣ ಎಂದರು ಸಿಸ್ಟರ್. ಹಾಗೆ ಒಂದಕ್ಕೆ ಇನ್ನೊಂದು ಸೇರಿ ಐದು ವರ್ಷವಾಯಿತು. ಕೆಲಸದ ಕೋಣೆಯಲ್ಲಿ ಕೈಗೆ ಏನನ್ನೂ ಕಟ್ಟುವಂತಿಲ್ಲ. ಮನೆಗೆ ಬಂದರೆ ನಿದ್ದೆಯ ಹೊರತು ಬೇರೇನೂ ಬೇಡ. ಗಡಿಯಾರ ಬೀರುವಿನಲ್ಲೇ ಉಳಿಯಿತು.

ವಾರಂಟಿ ಮುಗಿಯಲು ಒಂದು ತಿಂಗಳು ಬಾಕಿ ಇರುವಾಗ ಅಣ್ಣನ ಫೋನು ಶುರುವಾಯಿತು.

"ಒಳಗಿನ ಎಣ್ಣೆ ಒಣಗಿರುತ್ತೆ ಕಣಮ್ಮಾ. ನಿಂತ ಯಂತ್ರ ಓಡೋ ಯಂತ್ರಕ್ಕಿಂತ ಬೇಗ ಹಾಳಾಗುತ್ತೆ. ಈಗಲೇ ಸರ್ವಿಸ್‌ಗೆ ಕೊಡು."

"ನೋವು ಅಂತ ಹೇಳದೇ ಇರೋದನ್ನ ಯಾಕೆ ಬಿಚ್ಚಿಸಬೇಕು ಅಣ್ಣಾ? ಬಿಚ್ಚಿದ್ದು ಮತ್ತೆ ಮೊದಲಿನ ಹಾಗೆ ಕೂಡಿಕೊಳ್ಳಲ್ಲ. ನಾನು ನೋಡಿದೀನಿ."

ಮೂರು ಭಾನುವಾರ ಇದೇ ಜಟಾಪಟಿ. ಮೂರನೆಯ ಸಲ ಅಣ್ಣ, "ವಾರಂಟಿ ಮನೆ ಹಾಳಾಗಲಿ. ಅದು ನಿನ್ನ ಕೈಮೇಲೆ ಇರೋದನ್ನ ನಾನು ಒಂದು ದಿನನೂ ನೋಡಲಿಲ್ಲ," ಎಂದು ಫೋನಿಟ್ಟರು. ಅಣ್ಣನಿಗಾಗಲೇ ಎಪ್ಪತ್ತೆರಡು ವರ್ಷ.

ಮರುದಿನ ಡ್ಯೂಟಿ ಮುಗಿಸಿ ಸಿಸ್ಟರ್ ಆ ಕಂಪನಿಯ ರಿಪೇರಿ ಅಂಗಡಿಗೆ ಹೋದರು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೆ ಸರಿಸಿ ರಿಪೇರಿಯಾತ ನಿಧಾನವಾಗಿ ವಿವರಿಸಿದ: "ದೋಷ ಇದ್ರೆ ವಾರಂಟಿಯಲ್ಲಿ ಮಾಡಿಕೊಡ್ತೀವಿ ಮೇಡಂ. ದೋಷ ಇಲ್ದೆ ಇದ್ರೆ ಈಗ ಬಿಚ್ಚೋದೇ ಬೇಡ. ಆದ್ರೆ ಇದೆಯೋ ಇಲ್ವೋ ಗೊತ್ತಾಗಬೇಕಾದ್ರೆ ನೀವು ಕಟ್ಟಿಕೊಳ್ಳಬೇಕು. ಹತ್ತು ದಿನ ಕಟ್ಟಿ, ದಿನಾ ಎಷ್ಟು ಹಿಂದೆ ಬೀಳುತ್ತೆ ಬರೆದಿಡಿ."

ಡ್ಯೂಟಿಯಲ್ಲಿದ್ದು ಕಟ್ಟುವಂತಿಲ್ಲವಾದ್ದರಿಂದ ಸಿಸ್ಟರ್ ಹತ್ತು ದಿನ ರಜೆ ಕೇಳಿದರು. ಯಾರಿಗೆ ಹುಷಾರಿಲ್ಲ ಎಂದು ಮೇಲಧಿಕಾರಿ ವಿಚಾರಿಸಿದರು. "ಒಂದು ಪರೀಕ್ಷೆ ಮಾಡಬೇಕಿದೆ," ಎಂದರಷ್ಟೇ ಸಿಸ್ಟರ್.

ರೋಗಿಯ ಜ್ವರ ಬರೆದಿಡುವ ಹಾಗೆ ಗೆರೆ ಎಳೆದ ಕಾಗದದಲ್ಲಿ ಬರೆದರು. ಬೆಳಿಗ್ಗೆ ಏಳಕ್ಕೆ ಕೀಲಿ, ರೇಡಿಯೊದ ಗಂಟೆಗೆ ಹೋಲಿಕೆ. ಮೊದಲ ದಿನ ಹನ್ನೆರಡು ಸೆಕೆಂಡು ಹಿಂದೆ, ಮೂರನೆಯ ದಿನ ನಲವತ್ತು. ನಡುವಿನ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತಾಗ ಇಷ್ಟು ವರ್ಷದ ದಣಿವೆಲ್ಲ ಒಟ್ಟಿಗೆ ಬಂದು ಮೈಮೇಲೆ ಬಿದ್ದಂತಾಯಿತು. ಮಧ್ಯಾಹ್ನ ಎರಡಕ್ಕೆ ಕಣ್ಣು ಮುಚ್ಚಿದವರು ಐದಕ್ಕೆ ಎದ್ದು, ಯಾರೂ ತಮ್ಮನ್ನು ಕರೆದಿಲ್ಲವೆಂಬುದನ್ನು ಅರಗಿಸಿಕೊಳ್ಳಲಾರದೆ ಕುಳಿತರು. ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಪೂರ್ತಿ ಕೀಲಿ ಇದ್ದೂ, ಗಡಿಯಾರ ಅವರ ಕೈಮೇಲೆಯೇ ನಿಂತುಹೋಯಿತು. ಅಭ್ಯಾಸಬಲದಿಂದ ವೇಳೆ ಬರೆದು ಸಹಿ ಹಾಕಿದರು.

ರಿಪೇರಿಯಾತ ಆ ಕಾಗದವನ್ನು ಎರಡು ಸಲ ಓದಿದ. "ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವಾರಂಟಿ ಇನ್ನೂ ಮೂರು ದಿನ ಇದೆ, ಕೊಟ್ಟುಬಿಡಿ," ಎಂದ.

ಏಳು ವಾರದ ನಂತರ ಗಡಿಯಾರ ವಾಪಸು ಬಂತು. ಆ ನಡುವೆ ಇನ್ನೊಂದು ವರ್ಷಕ್ಕೆ ಸಹಿ ಕೇಳಿದ ಆಸ್ಪತ್ರೆಗೆ ಸಿಸ್ಟರ್ ಆರೇ ತಿಂಗಳು ಒಪ್ಪಿದ್ದರು. ಪೂರ್ತಿ ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. ಆದರೆ ಸಂಜೆ ಆಸ್ಪತ್ರೆಯ ಬಾಗಿಲು ದಾಟಿದೊಡನೆ ಚೀಲದಿಂದ ಗಡಿಯಾರ ತೆಗೆದು ಕಟ್ಟಿಕೊಳ್ಳುವುದು ರೂಢಿಯಾಯಿತು. ಅಣ್ಣ ಬಂದ ದಿನ, ಎದುರಿಗೇ ಗೋಡೆಗಡಿಯಾರ ತೂಗುತ್ತಿದ್ದರೂ, ಮೂರು ಸಲ "ಟೈಮ್ ಎಷ್ಟಾಯ್ತಮ್ಮಾ?" ಎಂದು ಕೇಳಿದರು. ಮೂರು ಸಲವೂ ಆಕೆ ಕೈ ನೋಡಿಕೊಂಡೇ ಹೇಳಿದರು.

ಪರರ ಹೊತ್ತನ್ನು ಕಾಯುವುದರಲ್ಲೇ ತಮ್ಮ ಹೊತ್ತು ಸವೆಸಿದ ಇಂಥ ಜೀವಗಳು ಎಲ್ಲ ಮನೆಗಳಲ್ಲೂ ಒಂದೊಂದಿರುತ್ತವೆ. ತಮ್ಮದನ್ನು ತಾವು ಅನುಭವಿಸಲು ಅವರಿಗೆ ಕಾರಣ ಬೇಕು. ಆ ಕಾರಣವೂ ಕರ್ತವ್ಯದ ಉಡುಪಿನಲ್ಲಿ ಬರಬೇಕು. ಸುಖವಾಗಿರು ಎಂದರೆ ಅವರ ಕಿವಿಗೆ ಬೀಳದು. ಪರೀಕ್ಷಿಸಿ ನೋಡು ಎಂದರೆ, ಇನ್ನೊಂದು ಕೆಲಸ ಹೆಗಲಿಗೆ ಬಿತ್ತೆಂಬಂತೆ ನಿಟ್ಟುಸಿರಿಟ್ಟು, ಒಪ್ಪಿಕೊಳ್ಳುತ್ತಾರೆ.