ನಂಜುಂಡಯ್ಯನವರ ಜಗಲಿಯ ಮುಂದೆ

ಅರಸೀಕೆರೆಯ ದಿಣ್ಣೆ ಬೀದಿಯ ಏರು ಎಂಥದೆಂದರೆ, ಮೇಲಿನ ತುದಿಯಲ್ಲಿ ಕೈಜಾರಿದ ತೆಂಗಿನಕಾಯಿ ಕೆಳಗೆ ಬಂದು ಮುಟ್ಟುವಷ್ಟರಲ್ಲಿ ತಾನಾಗಿಯೇ ಸಿಪ್ಪೆ ಸುಲಿದುಕೊಂಡು, ಜುಟ್ಟು ಬಿಟ್ಟುಕೊಂಡು, ಒಡೆಯುವುದೊಂದು ಬಾಕಿ ಎನ್ನುವ ಹಾಗೆ ಸಿದ್ಧವಾಗಿರುತ್ತಿತ್ತು. ಮೇಲಿನ ಮನೆಯವರು ಸೀನಿದರೆ ಕೆಳಗಿನ ಮನೆಯವರ ಒಲೆ ಆರುತ್ತಿತ್ತು. ಒಂದು ಎಮ್ಮೆ ಆ ಬೀದಿ ಹತ್ತಲು ಹೊರಟು, ಅರ್ಧದಲ್ಲಿ ಸುಸ್ತಾಗಿ ಅಲ್ಲೇ ಕರು ಹಾಕಿ, ಕರುವಿಗೆ ಕೋಡು ಮೂಡಿದ ಮೇಲೆ ತಾಯಿ ಕರು ಎರಡೂ ಸೇರಿ ಮೇಲೆ ಹೋದವಂತೆ. ಎಮ್ಮೆಯ ಕಥೆಯೇ ಹೀಗಿರುವಾಗ ಸೈಕಲ್ಲಿನ ಪಾಡು ಕೇಳಬೇಕೆ? ಸೀಟಿನ ಮೇಲೆ ಕೂತು ಆ ಬೀದಿ ಹತ್ತಿದ ಗಂಡಸು ಇನ್ನೂ ಹುಟ್ಟಿರಲಿಲ್ಲ. ಎಲ್ಲರೂ ಬುಡದಲ್ಲೇ ಇಳಿದು ತಳ್ಳಿಕೊಂಡು ಹೋಗುವರು. ಮೇಲಿಂದ ಬರುವಾಗ ಮಾತ್ರ ಹತ್ತಿ ಕೂತು, ಪ್ರಾಣವನ್ನು ಬ್ರೇಕಿನ ಕೈಗೆ ಒಪ್ಪಿಸಿ ಬರುವರು.

ಆ ಬೀದಿಯ ಬುಡದಲ್ಲಿ, ಎಡಗಡೆ, ಹುಚ್ಚಣ್ಣನ ಬಾಡಿಗೆ ಸೈಕಲ್ ಅಂಗಡಿ. ಅಂಗಡಿ ಎಂದರೆ ತಗಡಿನ ಒಂದು ಶೆಡ್ಡು, ಒಂದು ಸ್ಟೂಲು, ಪಂಕ್ಚರ್ ನೋಡುವ ನೀರಿನ ಬಾಣಲೆ, ಮತ್ತು ಸಾಲಾಗಿ ನಿಂತ ಕರಿಯ ಸೈಕಲ್ಲುಗಳು. ಅವನ ಅಪ್ಪ ಮರಿಯಣ್ಣ ಅರ್ಧ ಆಯುಷ್ಯ ಕೊಬ್ಬರಿ ವ್ಯಾಪಾರದ ನಂಜುಂಡಯ್ಯನವರ ಮಂಡಿಯಲ್ಲಿ ಕಾಯಿ ಸುಲಿದವನು. ಅಲ್ಲಿ ಅವನಿಗೆ ಕಾಫಿ ಕೊಡುತ್ತಿದ್ದದ್ದು ತೆಂಗಿನ ಚಿಪ್ಪಿನಲ್ಲಿ, ಅದೂ ಅಂಗಳದ ಆಚೆ. ಒಂದು ದಿನ ಆ ಚಿಪ್ಪನ್ನು ಅಲ್ಲೇ ಬೋರಲು ಹಾಕಿ ಬಂದು ಈ ಶೆಡ್ಡು ಎಬ್ಬಿಸಿದ. ಅಂದಿನಿಂದ ಊರಿನ ಎಂಥೆಂಥವರ ಮಕ್ಕಳೂ ಈ ಸ್ಟೂಲಿನ ಮುಂದೆ ನಿಂತು, "ಒಂದ್ ಸೈಕಲ್ ಕೊಡಪ್ಪ" ಎಂದು ಕೇಳಿದವರೇ. ಅಪ್ಪ ಮಗನಿಗೆ ಆ 'ಅಪ್ಪ' ಎಂಬ ಮಾತು ಸಿಗುತ್ತಿದ್ದದ್ದು ಇಡೀ ಊರಿನಲ್ಲಿ ಈ ಒಂದು ಜಾಗದಲ್ಲಿ ಮಾತ್ರ.

ಎರಡು ಸಾವಿರದ ಒಂದನೇ ಇಸವಿಯ ಮಳೆ ನಿಂತ ಮೇಲೆ ಪುರಸಭೆಯವರು ದಿಣ್ಣೆ ಬೀದಿಗೆ ಹೊಸ ಡಾಂಬರು ಹಾಕಲು ಹೊರಟರು. ಎಡಗಡೆಯ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ಲಿನವರಿಗೆ ಬಿಡುವುದೋ, ಅಥವಾ ಲಾರಿ ಕಾರು ನಿಲ್ಲಿಸಲು ಬಿಡುವುದೋ ಎಂಬುದು ಪ್ರಶ್ನೆಯಾಯಿತು. ಸೈಕಲ್ ದಾರಿಯಾದರೆ ಶೆಡ್ಡು ಇದ್ದಲ್ಲೇ ಇರುತ್ತದೆ. ಲಾರಿ ನಿಲ್ಲುವುದಾದರೆ ಬುಡದಲ್ಲಿ ತಿರುಗಿಸಲು ಜಾಗ ಬೇಕು, ಶೆಡ್ಡು ಎತ್ತಲೇಬೇಕು.

ಬೀದಿಯ ನಡುಮಧ್ಯದಲ್ಲಿದ್ದ ನಂಜುಂಡಯ್ಯನವರ ಮನೆ ಮುಂದೆ, ಕೊಬ್ಬರಿ ಮೂಟೆಗಳ ಮೇಲೆ ಕೂತು ಜನ ವಾದ ಮಾಡಿದರು.

"ಸೈಕಲ್ಲಿಗೊಂದು ದಾರಿ ಅಂತೆ!" ಎಂದರು ನಂಜುಂಡಯ್ಯ. "ನಾಳೆ ಕೋಳಿಗೊಂದು ದಾರಿ ಕೇಳ್ತೀರ. ನಮ್ ಲಾರಿ ಏನ್ ಮರ ಹತ್ತಿ ಕೂತ್ಕೊಬೇಕಾ?"

ಹೈಸ್ಕೂಲಿನ ಮೀನಾಕ್ಷಿ ಟೀಚರ್ ಬಿಡಲಿಲ್ಲ. "ನಿಮ್ಮ ಲಾರಿ ನಿಂತ್ರೆ ಪಕ್ಕದಲ್ಲಿ ಜಾಗ ಎಲ್ಲಿದೆ ಹೇಳಿ. ಹೋದ ತಿಂಗಳು ನಮ್ಮ ಸ್ಕೂಲ್ ಹುಡುಗಿ ಸೈಕಲ್ ಸಮೇತ ಚರಂಡಿಗೆ ಬಿದ್ಲು."

"ಪುಣ್ಯಕ್ಕೆ ಚರಂಡೀಲಿ ನೀರಿರ್ಲಿಲ್ಲ ಟೀಚರಮ್ಮ," ಎಂದ ಹಾಲಿನ ಲಕ್ಕಪ್ಪ.

"ಇದ್ದಿದ್ರೆ ನೀನು ಮನೆಮನೆಗೆ ಅಳೆದು ಕೊಡ್ತಿದ್ದೆ ಬಿಡು," ಎಂದು ಮೂಟೆಯ ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಹುಚ್ಚಣ್ಣನಿಗೆ ನಗು ಬರಲಿಲ್ಲ.

ಪುರಸಭೆಯ ಇಂಜಿನಿಯರು ಶರತ್, ಇನ್ನೂ ಮೀಸೆ ಸರಿಯಾಗಿ ಕೂರದ ಪ್ರಾಯದವನು, ಎದ್ದು ನಿಂತ. "ಜಗಳ ಬೇಡ. ಬುಧವಾರ ಬೆಳಗಾಗಿನಿಂದ ಸ್ಕೂಲ್ ಬೆಲ್ ಹೊಡೆಯೋವರೆಗೆ ನಾನು ಇಲ್ಲೇ, ಬೀದಿ ಮಧ್ಯದಲ್ಲಿ ನಿಂತಿರ್ತೀನಿ. ಒಂದ್ಸಲ ಆದ್ರೂ ಸೀಟಿನ ಮೇಲೆ ಕೂತು ಹೋದವ್ರು ಸೈಕಲ್ಲಿನವ್ರು. ತಳ್ಕೊಂಡು ಹೋದವ್ರು ನಡೆಯೋರು. ನನ್ನ ಪುಸ್ತಕದಲ್ಲಿ ತಲೆಗೆ ಒಂದೇ ಗೆರೆ, ಎಷ್ಟು ಸಲ ಓಡಾಡಿದ್ರೂ. ಸೈಕಲ್ಲಿನವ್ರು ಸಾಕಷ್ಟಿದ್ರೆ ದಾರಿ, ಇಲ್ಲಾಂದ್ರೆ ಇಲ್ಲ."

ಜನ ಚದುರುವಾಗ ನಂಜುಂಡಯ್ಯ ಹುಚ್ಚಣ್ಣನನ್ನು ಕರೆದರು. ಕೆಟ್ಟ ಮನುಷ್ಯರಲ್ಲ, ಕರುಣೆಯಿಂದಲೇ ಕರೆದರು. "ಶೆಡ್ಡು ಹೋದ್ರೆ ಆಕಾಶ ಬೀಳಲ್ಲ ಕಣೋ. ನಮ್ ಮಂಡಿಗ್ ಬಾ. ನಿಮ್ಮಪ್ಪ ಸುಲೀತಿದ್ದ ಜಾಗ ಹಂಗೇ ಐತೆ."

"ಆಗ್ಲಿ ಯಜಮಾನ್ರೆ," ಎಂದವನೇ ಹುಚ್ಚಣ್ಣ ದಿಣ್ಣೆ ಇಳಿದ. ಕಾಲು ನೆಲದ ಮೇಲಿತ್ತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಆ ವಾರ ಅವನು ಮಲಗಿದ್ದನ್ನು ಹೆಂಡತಿ ಮುದ್ದಮ್ಮ ಕಾಣಲಿಲ್ಲ. ಹತ್ತುವಾಗ ಯಾರೂ ಓಡಿಸುವುದಿಲ್ಲ, ಆದ್ದರಿಂದ ಇರುವ ಆಸೆಯೆಲ್ಲ ಮೇಲಿಂದ ಬರುವವರ ಮೇಲೆ. ಅವರೂ ಹೆದರಿ ತಳ್ಳಿಕೊಂಡು ಬಂದರೆ ಗತಿ ಏನು? ಮನೆಮನೆಗೆ ಹೋಗಿ, ಕಂಡ ಕಂಡ ಸೈಕಲ್ಲಿನ ಬ್ರೇಕನ್ನೆಲ್ಲ ಬಿಟ್ಟಿಯಾಗಿ ಸರಿಮಾಡಿದ. ಹೊಸ ರಬ್ಬರು ಹಾಕಿದ. ಕಡ್ಡಿ ಬಿಗಿ ಮಾಡಿದ. ಅವನ ಕೈಯ ಬ್ರೇಕು ಹೇಗಿತ್ತೆಂದರೆ, ಹಿಡಿದರೆ ಸೈಕಲ್ಲಷ್ಟೇ ಅಲ್ಲ, ಪಕ್ಕದಲ್ಲಿ ಹೋಗುತ್ತಿದ್ದ ನಾಯಿಯೂ ನಿಲ್ಲುತ್ತಿತ್ತು.

"ಊರಿನ ಸೈಕಲ್ಲಿಗೆಲ್ಲ ಮದ್ವೆ ಮಾಡ್ತಿದ್ದೀಯ," ಎಂದಳು ಮುದ್ದಮ್ಮ. "ಒಂದ್ ತುತ್ತು ಉಣ್ಣು ಬಾ."

"ಬುಧವಾರ ಉಣ್ತೀನಿ ಕಣೇ."

ಬುಧವಾರ ಬೆಳಗಾಯಿತು. ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಮುಂದೆ ನಿಂತು ಕತ್ತು ಎತ್ತಿ ನೋಡಿದರು. ಮೇಲಿನ ತುದಿಯಲ್ಲಿ ಲಕ್ಕಪ್ಪ ಕಾಣಿಸಿದ. ಹಾಲಿನ ಕ್ಯಾನುಗಳ ನಡುವೆ ಸೀಟಿನ ಮೇಲೆ ರಾಜನ ಹಾಗೆ ಕೂತು ಬರುತ್ತಿದ್ದ. ಅವನ ಹಿಂದೆ ರೈಲ್ವೆ ಕೆಲಸದವರು, ಅವರ ಹಿಂದೆ ಸ್ಕೂಲ್ ಹುಡುಗಿಯರ ಒಂದು ಸಾಲು, ಬೆಲ್ಲು ಹೊಡೆಯುತ್ತ. ಹುಚ್ಚಣ್ಣನಿಗೆ ಕಣ್ಣು ತುಂಬಿತು.

ಬೀದಿಯ ಮಧ್ಯಕ್ಕೆ ಬರುತ್ತಲೇ ಲಕ್ಕಪ್ಪ ಬ್ರೇಕು ಹಿಡಿದ. ಇಳಿದ. ತಳ್ಳಿಕೊಂಡು ನಾಲ್ಕು ಮಾರು ನಡೆದ. ಮತ್ತೆ ಹತ್ತಿ ಬಂದ. ಅವನ ಹಿಂದಿನವರೂ ಹಾಗೆಯೇ. ಹುಡುಗಿಯರಂತೂ ಮೇಲಿಂದಲೇ ಇಳಿದು, ಜಡೆ ಸರಿಮಾಡಿಕೊಂಡು, ತಲೆ ತಗ್ಗಿಸಿ ನಡೆದು ಬಂದರು.

ಅಲ್ಲಿ ಏನಿತ್ತೆಂದರೆ, ನಂಜುಂಡಯ್ಯ ಇದ್ದರು. ಪಾಪದ ಹುಡುಗ ಶರತ್ ನಿಂತೇ ಇದ್ದಾನಲ್ಲ ಎಂದು ಅವನಿಗೊಂದು ಸ್ಟೂಲು ಹಾಕಿಸಿ, ಕಾಫಿ ತರಿಸಿ, ಮಾತಿಗೆಂದು ತಾವೂ ಜಗಲಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ದೊಡ್ಡವರು ಕೂತಿರುವಾಗ ಅವರ ಮುಂದೆ ಸೈಕಲ್ಲಿನ ಮೇಲೆ ಕೂತು ಹೋಗುವುದುಂಟೇ? ಅರಸೀಕೆರೆ ಸೀಮೆಯಲ್ಲಿ ಯಾರೂ ಹಾಗೆ ಹೋದವರಲ್ಲ. ಹುಚ್ಚಣ್ಣನ ಹೊಸ ಬ್ರೇಕುಗಳು ಎಲ್ಲರನ್ನೂ ಸರಿಯಾಗಿ ಅವರ ಕುರ್ಚಿಯ ಮುಂದೆಯೇ ನಿಲ್ಲಿಸುತ್ತಿದ್ದವು. ಶರತ್ ಕಂಡದ್ದೆಲ್ಲ ತಳ್ಳಿಕೊಂಡು ನಡೆಯುವವರನ್ನು. ನಡೆಯುವವರ ಸಾಲಿಗೆ ಗೆರೆ ಹಾಕುತ್ತಲೇ ಇದ್ದ.

ಹುಚ್ಚಣ್ಣ ಒಂದು ಸೈಕಲ್ಲನ್ನು ಎಳೆದುಕೊಂಡು ಏದುಸಿರು ಬಿಡುತ್ತ ಮೇಲೆ ಓಡಿದ.

"ಯಜಮಾನ್ರೆ, ಕಾಲಿಗ್ ಬೀಳ್ತೀನಿ. ಬೆಲ್ ಹೊಡೆಯೋಗಂಟ ಒಂದಿಷ್ಟು ಒಳಗಡೆ ಕುಂತ್ಕಳಿ. ನಿಮ್ಮನ್ನ ಕಂಡು ಎಲ್ರೂ ಇಳೀತಾವ್ರೆ."

"ನಾನೇನು ಇಳೀರಿ ಅಂದ್ನಾ?" ನಂಜುಂಡಯ್ಯ ನಿಜವಾಗಿಯೂ ಬೆರಗಾದರು. "ನಮ್ಮನೆ ಮುಂದೆ ನಾನು ಕೂತ್ಕೊಂಡ್ರೂ ತಪ್ಪೇನೋ? ಏಯ್ ಲೋ, ಇಳೀಬ್ಯಾಡ್ರೋ!" ಎಂದು ಮೇಲಿಂದ ಬರುತ್ತಿದ್ದವರಿಗೆ ಕೂಗಿದರು. ಯಜಮಾನರೇ ಮಾತಾಡಿಸಿದರೆಂದು ಆ ಜನ ಇನ್ನೂ ದೂರದಲ್ಲೇ ಇಳಿದು, ಹೆಗಲ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು.

"ಸಾರ್, ನೀವಾದ್ರೂ ಒಂಚೂರು ಕೆಳಕ್ ಬಂದು ನಿಂತ್ಕಳಿ," ಎಂದ ಹುಚ್ಚಣ್ಣ ಶರತ್‌ಗೆ.

"ಮಧ್ಯದಲ್ಲೇ ನಿಲ್ಬೇಕು ಅಂತ ಆರ್ಡರ್ ಇದೆ ಹುಚ್ಚಣ್ಣ. ಏನ್ ಮಾಡ್ಲಿ?"

ಹುಚ್ಚಣ್ಣ ಮೇಲಿನ ತುದಿಗೆ ಹೋಗಿ, ಬರುವವರ ಹ್ಯಾಂಡಲ್ ಹಿಡಿದು ನಿಲ್ಲಿಸಿದ. "ಅಣ್ಣಾ, ನಿಮ್ ದಮ್ಮಯ್ಯ. ಅಲ್ಲಿ ಇಳೀಬ್ಯಾಡ್ರಿ. ಸುಮ್ನೆ ಕುಂತೇ ಹೋಗ್ಬಿಡ್ರಿ." ಎಲ್ಲರೂ ಆಗಲಿ ಎಂದರು. ಎಲ್ಲರೂ ಇಳಿದರು. ಎರಡನೇ ಸುತ್ತಿನ ಹಾಲಿಗೆ ಬಂದ ಲಕ್ಕಪ್ಪನಂತೂ ಹಾಲಿನ ಮೇಲೆ ಆಣೆ ಇಟ್ಟು ಹೋದವನು, ಇಳಿದು, ತಿರುಗಿ ನೋಡಿ ಕೈ ಅಲ್ಲಾಡಿಸಿದ. "ನಾನ್ ಇಳೀಲಿಲ್ಲ ಕಣೋ ಹುಚ್ಚಣ್ಣ, ಕಾಲೇ ಇಳ್ದ್ಬಿಡ್ತು!"

ಹೊತ್ತು ಏರುತ್ತಿತ್ತು. ಇನ್ನೇನು ಬೆಲ್ ಹೊಡೆಯುತ್ತದೆ. ಯಾರೂ ಇಲ್ಲದಿದ್ದರೆ ತಾನಾದರೂ ಒಬ್ಬ ಎಂದು ಹುಚ್ಚಣ್ಣ ಸೈಕಲ್ ಹತ್ತಿದ. ಒಬ್ಬ ಹೋದರೆ ಹಿಂದಿನವರಿಗೆ ಧೈರ್ಯ ಬಂದೀತು. ಇಳಿಯುವುದಿಲ್ಲ, ಇಳಿಯುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಬಂದ. ಕುರ್ಚಿ ಹತ್ತಿರವಾಯಿತು. ನಂಜುಂಡಯ್ಯ ಕಾಫಿಯ ಲೋಟದ ಮೇಲಿಂದ ಕಣ್ಣೆತ್ತಿದರು, ಅಷ್ಟೆ. ಮುಂದೆ ಹುಚ್ಚಣ್ಣನಿಗೆ ತಿಳಿದಾಗ ಅವನು ನೆಲದ ಮೇಲಿದ್ದ. ಹ್ಯಾಂಡಲ್ ಹಿಡಿದುಕೊಂಡು, ಬೆನ್ನು ಬಾಗಿಸಿ, ಅವನ ಅಪ್ಪ ನಡೆಯುತ್ತಿದ್ದ ಹಾಗೆಯೇ ನಡೆಯುತ್ತಿದ್ದ. ಶರತ್‌ನ ಪೆನ್ನು ನಡೆಯುವವರ ಸಾಲಿನ ಕಡೆಗೆ ಹೋಗಿ, ಯಾಕೋ ಗೆರೆ ಎಳೆಯದೆ ನಿಂತಿತು.

ಮುದ್ದಮ್ಮ ಅರ್ಧ ದಾರಿಗೆ ಎದುರು ಬಂದಿದ್ದಳು. "ನೀನೂ ಇಳ್ದ್ಯಲ್ಲ," ಎಂದಳು. ಬೈಗುಳವಲ್ಲ, ಹಾಗೇ ಒಂದು ಮಾತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹುಚ್ಚಣ್ಣ ಸೈಕಲ್ ತಿರುಗಿಸಿ ಮತ್ತೆ ದಿಣ್ಣೆ ಹತ್ತಿದ. ಎದೆ ಸೀಳುವ ಹಾಗೆ ಹತ್ತಿದ. ತುದಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸೊಂಟದಿಂದ ಸ್ಪಾನರ್ ತೆಗೆದು, ಮುಂದಿನ ಬ್ರೇಕಿನ ರಬ್ಬರು ಬಿಚ್ಚಿದ. ಹಿಂದಿನದನ್ನೂ ಬಿಚ್ಚಿದ. ಒಂದು ವಾರ ಊರಿಗೆಲ್ಲ ಹಾಕಿದ ಕೈ, ತನ್ನದನ್ನು ಕಿತ್ತು ಬೇಲಿಯಾಚೆ ಎಸೆಯಿತು. ಇನ್ನು ಕಾಲು ಏನು ಬೇಕಾದರೂ ಮಾಡಿಕೊಳ್ಳಲಿ, ಸೈಕಲ್ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಹತ್ತಿ ಕೂತ.

ಅವನು ಬಂದ ವೇಗವನ್ನು ಇವತ್ತಿಗೂ ಯಾರೂ ಸರಿಯಾಗಿ ಹೇಳಲಾರರು. ಜಗಲಿಯ ಮೇಲೆ ಒಣಹಾಕಿದ್ದ ಸೀರೆ ಅವನ ಗಾಳಿಗೆ ಎದ್ದು ಪಕ್ಕದ ಮನೆಯ ಹೆಂಚಿನ ಮೇಲೆ ಕೂತಿತು. ನಂಜುಂಡಯ್ಯನವರ ಲೋಟದಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ಬಿಟ್ಟು ತಾನು ಮಾತ್ರ ಹೊರಟುಹೋಯಿತು. ಕುರ್ಚಿಯ ಮುಂದೆ ಅವನ ಎಡಗಾಲು ತಾನಾಗಿಯೇ ಮೇಲೆದ್ದು, ಇಳಿಯಲು ನೋಡಿ, ನೆಲ ಸಿಗದೆ ವಾಪಸು ಬಂದಿತು. ಆಮೇಲೆ ದಿಣ್ಣೆಯ ಬುಡ, ಶೆಡ್ಡು, ಸಾಲು ಸೈಕಲ್ಲುಗಳು, ತಗಡಿನ ಸದ್ದು.

ಎಲ್ಲರೂ ಓಡಿಬಂದರು. ತಗಡಿನ ಕೆಳಗಿಂದ ಅವನನ್ನು ಎಳೆದರು. ಬಲಗೈ ಮಣಿಕಟ್ಟಿನ ಬಳಿ ಬೇರೆ ದಿಕ್ಕಿಗೆ ತಿರುಗಿತ್ತು. ಅವನು ಜನರ ನಡುವೆ ಶರತ್‌ನ ಮುಖ ಹುಡುಕಿದ.

"ಬರ್ಕಂಡ್ರಾ ಸಾರ್?"

"ಬರ್ಕೊಂಡೆ. ಒಂದು ಗೆರೆ. ಸುಮ್ನಿರಿ, ಆಸ್ಪತ್ರೆಗೆ ಹೋಗೋಣ."

ನಂಜುಂಡಯ್ಯ ಚಪ್ಪಲಿಯನ್ನೂ ಮೆಟ್ಟದೆ ದಿಣ್ಣೆ ಇಳಿದು ಬಂದಿದ್ದರು. ಅವನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಲೋ ಹುಚ್ಚಣ್ಣ, ಬ್ರೇಕ್ ಹಿಡಿಯಕ್ಕೇನಾಗಿತ್ತೋ ನಿಂಗೆ? ನಾನು ಕೂತಿದ್ದು ಕಾಣ್ಲಿಲ್ವಾ?"

"ಕಂಡ್ರಿ ಯಜಮಾನ್ರೆ. ಅದ್ಕೇ ಬ್ರೇಕ್ ಬಿಚ್ಚಿದ್ದು."

ನಂಜುಂಡಯ್ಯ ತಿರುಗಿ, ಮೇಲೆ ತಮ್ಮ ಕುರ್ಚಿಯ ಕಡೆ ನೋಡಿದರು.

"ಇನ್ನೊಂದ್ ಸತಿ ಬತ್ತೀನಿ ಸಾರ್," ಎಂದ ಹುಚ್ಚಣ್ಣ, ಏಳಲು ನೋಡುತ್ತ. "ಬೆಲ್ ಇನ್ನೂ ಹೊಡೆದಿಲ್ಲ."

"ಒಬ್ಬರಿಗೆ ಒಂದೇ ಗೆರೆ," ಎಂದ ಶರತ್, ನೆಲ ನೋಡುತ್ತ.

ಆಗ ಮೇಲಿಂದ ಒಬ್ಬ ಗುಮಾಸ್ತ ಊಟದ ಡಬ್ಬಿ ತೂಗುಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ. ಕೆಳಗಿದ್ದವರೆಲ್ಲ ಉಸಿರು ಹಿಡಿದು ಅವನನ್ನೇ ನೋಡಿದರು. ಈಗ ಜಗಲಿಯ ಮುಂದೆ ಯಾರೂ ಇರಲಿಲ್ಲ. ಬರಿಯ ಕುರ್ಚಿ. ಗುಮಾಸ್ತ ಅದನ್ನು ನೋಡಿದ. ಬ್ರೇಕು ಹಿಡಿದು ಇಳಿದ. ಆ ಖಾಲಿ ಕುರ್ಚಿಯ ಮುಂದೆ ತಳ್ಳಿಕೊಂಡು ನಡೆದ.

ಹುಚ್ಚಣ್ಣ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇಷ್ಟು ಹೊತ್ತು ಅಳದವನು, ಎಲ್ಲರ ಎದುರಿಗೆ ಮಗುವಿನ ಹಾಗೆ ಅತ್ತ.

ಮುದ್ದಮ್ಮ ತಗಡು ಸರಿಸಿ, ಅವನು ಬಂದ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. ಹ್ಯಾಂಡಲ್ ಸೊಟ್ಟಗಾಗಿತ್ತು, ಗಾಲಿ ತಿರುಗುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇಷ್ಟು ವರ್ಷ ಸೈಕಲ್ ಅಂಗಡಿಯವನ ಹೆಂಡತಿಯಾಗಿದ್ದರೂ ಅವಳು ಒಂದು ದಿನವೂ ಸೀಟಿನ ಮೇಲೆ ಕೂತವಳಲ್ಲ.

"ಹೆಂಗಸ್ರಿಗೂ ಒಂದ್ ಗೆರೆ ಐತಾ ಸಾರ್?"

ಶರತ್ ಹೌದೆಂದು ತಲೆಯಾಡಿಸಿದ.

ಅವಳು ಸೈಕಲ್ ತಳ್ಳಿಕೊಂಡು ದಿಣ್ಣೆ ಹತ್ತತೊಡಗಿದಳು.

"ಲೇ ಮುದ್ದಿ, ಅದಕ್ಕೆ ಬ್ರೇಕಿಲ್ಲ ಕಣೇ!" ಹುಚ್ಚಣ್ಣ ಕಿರುಚಿದ. "ಬ್ರೇಕಿಲ್ಲ ಕಣೇ!"

"ಗೊತ್ತು," ಎಂದಳು ಮುದ್ದಮ್ಮ, ತಿರುಗಿ ನೋಡದೆ.