ಹಂಗಳದ ಸಭೆಯಲ್ಲಿ ಮಡಿಲಕ್ಕಿ

ಚಾಮರಾಜನಗರದ ವಕೀಲ ಗುರುಪಾದಸ್ವಾಮಿಯವರಿಗೆ ಹೊಸದೆಂದರೆ ಆಗದು. ಹೋಟೆಲ್ ಕಾಫಿ, ಕ್ರಾಪು ತಲೆ, ವಿಧವಾ ವಿವಾಹ, ಹೆಣ್ಣುಮಕ್ಕಳ ಹೈಸ್ಕೂಲು, ಎಲ್ಲಕ್ಕೂ ಅವರದೊಂದು ತಕರಾರು. ಹೊಸದರಲ್ಲಿ ಅವರಿಗೆ ಒಗ್ಗಿದ್ದು ಚುನಾವಣೆಯೊಂದೇ. ಐವತ್ತೆರಡರಲ್ಲಿ ಗುಂಡ್ಲುಪೇಟೆ ಕಡೆಯಿಂದ ನಿಂತು, ಎದುರಾಳಿಯ ಜನ ತಮ್ಮತಮ್ಮಲ್ಲೇ ಬಡಿದಾಡಿಕೊಂಡಿದ್ದರಿಂದ ಗೆದ್ದರು. ಆಮೇಲೆ ಸದನದಲ್ಲಿ ಅವರು ಎದ್ದು ನಿಂತದ್ದು ಹೆಚ್ಚಾಗಿ ಗಾಳಿ ಬರುವ ಕಿಟಕಿ ಮುಚ್ಚಿಸುವುದಕ್ಕೆ.

ವಕೀಲಿಯಲ್ಲಿ ಮಾತ್ರ ಒಂದು ವಿಷಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಕ್ಕತಂಗಿಯರಿಂದ ಆಸ್ತಿಯಲ್ಲಿನ ಚೂರುಪಾರು ಹಕ್ಕನ್ನೂ ಬಿಡಿಸಿಕೊಳ್ಳುವುದು ಹೇಗೆಂದು ತಾಲ್ಲೂಕಿನ ಅಣ್ಣತಮ್ಮಂದಿರಿಗೆ ಹೇಳಿಕೊಟ್ಟವರೇ ಅವರು. ಮೊದಲು ಮಡಿಲು ತುಂಬಬೇಕು. ಸೀರೆ, ಅಕ್ಕಿ, ಕಾಯಿ, ಬೆಲ್ಲ ಮಡಿಲಿಗೆ ಬಿದ್ದು ತವರಿನ ನೆನಪಿಗೆ ಹೆಣ್ಣಿನ ಕಣ್ಣು ಒದ್ದೆಯಾದ ಗಳಿಗೆಯಲ್ಲೇ, ಅವಳು ಮಣೆಯಿಂದ ಏಳುವ ಮುಂಚೆ, ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಬೇಕು. ತಡಮಾಡಿದರೆ ಗಂಡ ಬಂದು ಬಾಯಿ ಹಾಕುತ್ತಾನೆ.

ಐವತ್ತಾರರಲ್ಲಿ ಅಪ್ಪನ ಸ್ವಂತ ಗಳಿಕೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ಬಂತು. ಗುರುಪಾದಸ್ವಾಮಿಯವರು ಊರೂರು ತಿರುಗಿ ಅದನ್ನು ಬೈದರು. ಅಷ್ಟರಲ್ಲಿ ಬೇಗೂರಿನಲ್ಲಿ ಅವರ ಮಾವ ತೀರಿಕೊಂಡರು. ಅತ್ತೆ ಮೊದಲೇ ಇರಲಿಲ್ಲ. ಉಳಿದವರು ಮಗ ಪುಟ್ಟಬಸಪ್ಪ, ಮತ್ತು ಗುರುಪಾದಸ್ವಾಮಿಯವರ ಹೆಂಡತಿ ಮಲ್ಲಾಜಮ್ಮ. ಮಾವ ಸ್ವಂತ ದುಡಿಮೆಯಲ್ಲಿ ಮಾಡಿದ ತೆಂಗಿನ ತೋಟವೊಂದಿತ್ತು. ವಕೀಲರು ಯಾರಿಗೂ ಏನೂ ಹೇಳಲಿಲ್ಲ. ಆದರೆ ಅರ್ಧ ತೋಟ ಆಗಲೇ ಅವರ ಮನಸ್ಸಿನೊಳಗೆ ಬಂದು ಕೂತಿತ್ತು. ತಾವಾಗಿ ಕೇಳುವುದು ತಪ್ಪು, ಆದರೆ ಕಾನೂನೇ ಮೇಲೆ ಬಿದ್ದು ಕೊಟ್ಟರೆ ಬಡಪಾಯಿ ಗಂಡ ಏನು ಮಾಡಲಾದೀತು?

ಐವತ್ತೇಳರ ಚುನಾವಣೆ ಬಂತು. ಹಂಗಳದ ಸಭೆಗೆ ಅವರು, ಆದರ್ಶ ಗೃಹಿಣಿ ಹೇಗಿರುತ್ತಾಳೆಂದು ಜನ ನೋಡಲಿ ಎಂದು, ಮಲ್ಲಾಜಮ್ಮನನ್ನೂ ಕರೆದೊಯ್ದು ವೇದಿಕೆಯ ಮೇಲೆ ಕೂರಿಸಿದರು. ಕುಂಕುಮ, ಸೀರೆ, ತವರಿನ ಪ್ರೀತಿ, ಇವೇ ಹೆಣ್ಣಿನ ಪಾಲು ಎಂದು ಭಾಷಣ ಮುಗಿಸಿದಾಗ ಮುಂದಿನ ಸಾಲಿನ ಯಜಮಾನರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರ ಬೆನ್ನಿಗೂ ಮದುವೆಯಾದ ಅಕ್ಕತಂಗಿಯರಿದ್ದರು.

ಚಪ್ಪಾಳೆ ನಿಲ್ಲುವ ಮುಂಚೆಯೇ ಪುಟ್ಟಬಸಪ್ಪ ಮೊರದಲ್ಲಿ ಮಡಿಲಕ್ಕಿ ಹಿಡಿದು ವೇದಿಕೆ ಹತ್ತಿದ.

"ಭಾವ, ನೀವಂದದ್ದು ನಂಗೂ ಸರಿ ಅನ್ನುಸ್ತು. ಮಲ್ಲಾಜಿ ಇಲ್ಲೇ ಅವ್ಳೆ, ಜನಾನೂ ಅವ್ರೆ. ಮಡಿಲು ತುಂಬುಬುಡ್ತೀನಿ."

ಅವನ ಹಿಂದೆ ಬಂದ ಆಳಿನ ಕೈಯಲ್ಲಿ ಬಿಡುಗಡೆ ಪತ್ರವೂ ಮಸಿಯ ಪ್ಯಾಡೂ ಇದ್ದವು. ತಾವು ಕಲಿಸಿದ ವಿದ್ಯೆ ಎದುರು ಬಂದು ನಿಂತದ್ದು ವಕೀಲರಿಗೆ ತಕ್ಷಣ ತಿಳಿಯಿತು. ಬೇಡವೆಂದರೆ ಮುಂದಿನ ಸಾಲಿನ ಓಟು ಹೋಗುತ್ತದೆ, ಆಗಲೆಂದರೆ ತೋಟ. ಕೆಮ್ಮಿದರು. ಇದು ಮನೆಯ ಮಾತು, ಚುನಾವಣೆ ಮುಗಿಯಲಿ, ಒಳ್ಳೆಯ ದಿನ ನೋಡಿ ಮಾಡೋಣ ಎಂದರು.

"ವಾಯಿದೆ ತಕ್ಕಂಡ್ರು ಕಣ್ಲಾ," ಎಂದ ಹಿಂದಿನಿಂದ ಮಾದಣ್ಣ. ಅವನ ದಾವೆ ಇವರ ಕೈಯಲ್ಲಿ ಏಳು ವರ್ಷ ವಾಯಿದೆಯಲ್ಲೇ ಕೊಳೆತಿತ್ತು. ಸಭೆ ಘೊಳ್ಳೆಂದಿತು. ಮುಂದಿನ ಸಾಲು ಮಾತ್ರ ನಗಲಿಲ್ಲ.

ಗುರುಪಾದಸ್ವಾಮಿಯವರು ಕಣ್ಣು ಮುಚ್ಚಿ ತೋಟವನ್ನು ಬಿಟ್ಟುಕೊಟ್ಟರು. "ಒತ್ತು ಮಲ್ಲಾಜಿ," ಎಂದರು.

ಮಲ್ಲಾಜಮ್ಮ ಮಡಿಲಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅಣ್ಣನ ಕಾಲಿಗೆ ನಮಸ್ಕರಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಮಸಿಯ ಪ್ಯಾಡು ಹತ್ತಿರ ಬಂತು.

"ಅಕ್ಕಿ ತವರಿಂದು, ಬ್ಯಾಡ ಅನ್ನಬಾರ್ದು, ತಕ್ಕಂಡೆ. ಹೆಬ್ಬೆಟ್ಟು ನಂದು, ಒತ್ತಕಿಲ್ಲ ಕಣಣ್ಣ," ಎಂದು ಎದ್ದಳು. ಗಂಡನ ಕಡೆ ತಿರುಗಿ, "ನೀವು ಯೋಳದ ಯೋಳುದ್ರಿ, ನಿಮ್ಮ ಮಾನ ಉಳೀತು. ಕೂತ್ಕಳಿ," ಎಂದಳು.

ಗುರುಪಾದಸ್ವಾಮಿಯವರು ಮುಖ ಸಪ್ಪೆ ಮಾಡಿಕೊಂಡು ಕೂತರು. ಒಳಗೊಳಗೆ ಹೋಳಿಗೆ ತಿಂದಷ್ಟು ಖುಷಿ. ಮಾತು ಉಳಿಯಿತು, ತೋಟವೂ ಉಳಿಯಿತು. ಪಾಪ, ಕಟ್ಟಿಕೊಂಡವಳೇ ಇವರ ಮಾತು ಕೇಳಲಿಲ್ಲ ಎಂದು ಯಜಮಾನರು ಅವರ ಮೇಲೆ ಮರುಕಪಟ್ಟು ಓಟು ಹಾಕಿದರು. ಕೂದಲೆಳೆಯಲ್ಲಿ ಗೆದ್ದರು.

ಹಾರ ಬಾಡುವ ಮುಂಚೆಯೇ, ಅರ್ಧ ತೋಟದ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಬರೆದುಕೊಂಡು ಗುಂಡ್ಲುಪೇಟೆಗೆ ಹೋದರು. ಅಲ್ಲಿ ಗುಮಾಸ್ತ ಎದ್ದು ನಿಂತು ಕೈಮುಗಿದು, ಆ ಕೆಲಸ ಆಗಲೇ ಮುಗಿದಿದೆ ಎಂದ. ಆ ಅರ್ಧದ ಖಾತೆ ಮಲ್ಲಾಜಮ್ಮ ಒಬ್ಬಳ ಹೆಸರಿಗೆ. ಮಾಡಿಸಿಕೊಟ್ಟವನು ಹೋಟೆಲ್ ಕಾಫಿಯ, ಕ್ರಾಪು ತಲೆಯ ಚಿಗುರು ವಕೀಲ ನಾಗಯ್ಯ.

ಮನೆಗೆ ಬಂದು ಕೂಗಾಡಿದರು. ಮನೆಯಲ್ಲೇ ವಕೀಲನಿರುವಾಗ ಬೇರೆಯವನೇಕೆ?

ಮಲ್ಲಾಜಮ್ಮ ಕಾಳು ಹಸನು ಮಾಡುತ್ತ ತಲೆಯೆತ್ತದೆ ಹೇಳಿದಳು. "ನೀವು ಆ ಕಾನೂನ ಊರೂರಲ್ಲಿ ಬೋದವ್ರು. ನಿಮ್ ಕೈಲೇ ಅದ ಮುಟ್ಟುಸದಾ ಅಂತ ಮನಸ್ ಬರ್ನಿಲ್ಲ."

ಬೇಸಿಗೆಯಲ್ಲಿ ಶಾಸಕರು ಬೆಂಗಳೂರಿನಿಂದ ಗುಂಡ್ಲುಪೇಟೆಗೆ ಬರುವಾಗ ಬೇಗೂರಿನಲ್ಲಿ ಬಸ್ಸಿಳಿದು, ಬಾಯಾರಿ ತೋಟಕ್ಕೆ ಹೋದರು. ಒಂದು ಎಳನೀರು ಇಳಿಸು ಎಂದರು. ತೋಟ ಕಾಯುವ ಮಾರಯ್ಯ ಟವಲ್ಲು ಹಾಸಿ ಕೂರಿಸಿದ.

"ಒಂದ್ ಗಳಿಗೆ ಕೂತಿರಿ ಸ್ವಾಮಿ. ಅಮ್ಮಾವ್ರು ಅಣ್ಣನ ಮನೇಲೇ ಅವ್ರೆ. ಕೇಳ್ಕಬತ್ತೀನಿ."