ಸೊನ್ನೆಯ ಕೆಳಗಿನ ಸಾಲು

ಕಲಬುರಗಿ ಕಡೆಯ ಭಂಕೂರದ ಆಚೆ, ಕಲ್ಲುಗಣಿಗಳ ನಡುವಿನ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ಲುಂಬಿನಿ ಲ್ಯಾಬ್ ಟೆಕ್ನಿಷಿಯನ್. ಆ ಜನವರಿಯಲ್ಲಿ ಬಾಗಿಲು ತೆರೆಯುವ ಮುಂಚೆಯೇ ಜ್ವರದವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹೆಚ್ಚಿನವರು ಹಾಸುಗಲ್ಲು ಪಾಲಿಶ್ ಮಾಡುವವರು. ಕೆಮ್ಮೆಲ್ಲ ಧೂಳಿನದೇ ಎಂದುಕೊಂಡವರು.

ಫ್ಲೂ ಪರೀಕ್ಷೆಗೆಂದು ಗಂಟಲ ದ್ರವ ತೆಗೆದು ಕಲಬುರಗಿಗೆ ಕಳಿಸುವ ಕಿಟ್ ವಾರಕ್ಕೆ ಎರಡೇ ಬರುತ್ತಿದ್ದವು. ಅವು ಯಾರಿಗೆ ಎಂಬುದನ್ನು ಡಾಕ್ಟರ್ ಲಕ್ಷ್ಮಿಕಾಂತ ಅವರೇ ಗೊತ್ತುಮಾಡುತ್ತಿದ್ದರು. ಮೊದಲ ವಾರ ಒಂದು ಜ್ವರವೇ ಇಲ್ಲದ ಅವರ ಕಾರಿನ ಡ್ರೈವರ್‌ಗೆ, ಇನ್ನೊಂದು ಜ್ವರ ಬಿಟ್ಟು ಹದಿನೈದು ದಿನವಾಗಿದ್ದ ಮುದುಕನಿಗೆ. ಎರಡೂ ನೆಗೆಟಿವ್. ಮರುವಾರವೂ ಹಾಗೇ. ಹೊರಗಿನ ಬೋರ್ಡಿನಲ್ಲಿ ‘ಫ್ಲೂ ಪ್ರಕರಣ: ಸೊನ್ನೆ’ ಎಂದು ಬರೆಸಿದರು. ಅದರ ಫೋಟೊ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಕೆಮ್ಮುವ ಮಕ್ಕಳನ್ನೂ ಜನ ಶಾಲೆಗೆ ಕಳಿಸಿದರು.

ಮೂರನೆಯ ವಾರ ನಾಮದೇವ ತನ್ನ ಹೆಂಡತಿ ಅನಸುಬಾಯಿಯನ್ನು ಕರೆತಂದ. ಏಳು ತಿಂಗಳ ಬಸುರಿ, ಏದುಸಿರು ಬಿಡುತ್ತಿದ್ದಳು. ಲುಂಬಿನಿ ಒಳಗೆ ಹೋಗಿ, ಇನ್ನೂ ಬಳಸದೆ ಇದ್ದ ಆ ವಾರದ ಕಿಟ್‌ಗಳಲ್ಲಿ ಒಂದನ್ನು ಕೇಳಿದಳು.

“ಪಾಸಿಟಿವ್ ಬಂತಂದ್ರ ನಾಳೆ ಜಿಲ್ಲಾದವ್ರೆಲ್ಲ ಇಲ್ಲೇ ಬಂದು ಕುಂದರ್ತಾರ,” ಎಂದರು ಡಾಕ್ಟರ್, ಮೊಬೈಲಿನಿಂದ ತಲೆಯೆತ್ತದೆ. “ಗುಳಗಿ ಕೊಟ್ಟು ಕಳಸ್ರಿ.”

ಹೊರಗೆ ನಾಮದೇವ ಬೋರ್ಡು ಓದುತ್ತ ನಿಂತಿದ್ದ. “ಊರಾಗ ಫ್ಲೂ ಇಲ್ಲಂತ ಬರ್ದೀರಿ ಮೇಡಂ. ಹಂಗಾರ ಇದು ಸಾದಾ ಥಂಡಿನೇ ಹೌದಲ್ರಿ?”

ಲುಂಬಿನಿ ಗುಳಿಗೆಯ ಚೀಟಿ ಕೊಟ್ಟು, ದಿನಕ್ಕೆ ಮೂರು ಸಲ ಎಂದಷ್ಟೇ ಹೇಳಿದಳು.

ನಾಲ್ಕು ದಿನದ ನಂತರ ಅನಸುಬಾಯಿಯನ್ನು ಕಲಬುರಗಿಗೆ ಒಯ್ದರು. ಅಲ್ಲಿ ಪರೀಕ್ಷೆ ಮಾಡಿದಾಗ ಫ್ಲೂ ಎಂದು ತಿಳಿಯಿತು. ಅವಳು ಉಳಿದಳು, ಮಗು ಉಳಿಯಲಿಲ್ಲ. ಸುದ್ದಿ ಕೇಳಿದ ಲುಂಬಿನಿಗೆ ಡಾಕ್ಟರರಿಗಿಂತ ಹೆಚ್ಚಾಗಿ, ಅಂದು ನಿಜ ಹೇಳದ ತನ್ನ ಬಾಯಿಯ ಮೇಲೆಯೇ ಹೇಸಿಗೆಯಾಯಿತು. ಬೋರ್ಡು ತಿದ್ದೋಣವೇ ಎಂದು ಕೇಳಿದರೆ, ಟೆಸ್ಟ್ ಆದದ್ದು ಕಲಬುರಗಿಯಲ್ಲಿ, ಲೆಕ್ಕವೂ ಅಲ್ಲಿಯದೇ ಎಂದು ಡಾಕ್ಟರ್ ಚಹಾ ಹೀರಿದರು.

ಲುಂಬಿನಿ ಹೊರಗೆ ಬಂದು ಸೀಮೆಸುಣ್ಣದಿಂದ ಸೊನ್ನೆಯ ಕೆಳಗೆ ಬರೆದಳು: ‘ಜ್ವರವೆಂದು ಬಂದವರು ಇನ್ನೂರ ಹನ್ನೊಂದು. ಪರೀಕ್ಷೆ ಆದದ್ದು ನಾಲ್ವರಿಗೆ.’

ಮಧ್ಯಾಹ್ನದೊಳಗೆ ಅಂಗಳ ತುಂಬಿತು. ಶಾಲೆಯ ಹೆಡ್‌ಮೇಡಂ ಮಹಾದೇವಮ್ಮ ಎರಡು ಸಲ ಓದಿ, ಹಾಗಾದರೆ ಇಲ್ಲವೆಂದಲ್ಲ, ಯಾರೂ ನೋಡಿಯೇ ಇಲ್ಲವೆಂದು ಅರ್ಥವೇ ಎಂದು ಕೇಳಿದರು. ಲುಂಬಿನಿ ಹೌದೆಂದಳು. ಜ್ವರವಿದ್ದ ಮಕ್ಕಳನ್ನು ಅಂದೇ ಮನೆಗೆ ಕಳಿಸಲಾಯಿತು. ಊರವರು ಜಿಲ್ಲೆಯ ಅಧಿಕಾರಿಗಳಿಗೆ ಬಿಡದೆ ಫೋನು ಹಚ್ಚಿದರು.

ಕೇಳದೆ ಬೋರ್ಡಿನಲ್ಲಿ ಬರೆದದ್ದಕ್ಕೆ ಲುಂಬಿನಿಗೆ ನೋಟಿಸು ಬಂತು. ವಾರದೊಳಗೆ ಕಿಟ್‌ಗಳ ಪೆಟ್ಟಿಗೆಯೂ ಬಂತು. ಮೊದಲ ಮೂವತ್ತು ಜನರಲ್ಲಿ ಹತ್ತೊಂಬತ್ತು ಮಂದಿಗೆ ಫ್ಲೂ ಇತ್ತು.

ಆ ಫಲಿತಾಂಶ ಬಂದ ದಿನ ಡಾಕ್ಟರ್ ಅಂಗಳದಲ್ಲಿ ಮಾಸ್ಕ್ ಹಂಚುತ್ತ ಪತ್ರಿಕೆಯವರ ಫೋಟೊಗೆ ನಿಂತರು. ನಗುತ್ತ ಅವಳನ್ನೂ ಕರೆದರು.

“ನನಗ ಕೆಲಸ ಅದ ಸರ್,” ಎಂದು ಲುಂಬಿನಿ ಮುಂದಿನ ರೋಗಿಯನ್ನು ಒಳಗೆ ಕರೆದಳು.